ಕನ್ನಡ ವೆಬ್‌ಸೈಟಿಗೆ ಯಾವ ಫಾಂಟ್? ಮೊದಲು ಒತ್ತಕ್ಷರ ನೋಡಿ

ವೆಬ್ ವಿನ್ಯಾಸದ ಪಾಠಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರವನ್ನು ಎದುರಿಗೆ ಇಟ್ಟುಕೊಂಡು ಬರೆದಂಥವು. ಆ ಅಕ್ಷರಗಳು ಒಂದರ ಪಕ್ಕ ಒಂದು ಕೂತು ಸಾಲು ಮುಗಿಸುತ್ತವೆ. ಕನ್ನಡದಲ್ಲಿ ಗುಡಿಸು ಮೇಲೆ ಹೋಗುತ್ತದೆ, ಕೊಂಬು ಪಕ್ಕಕ್ಕೆ ಚಾಚುತ್ತದೆ, ಒತ್ತು ಕೆಳಗೆ ಇಳಿಯುತ್ತದೆ. ‘ಸ್ವಾತಂತ್ರ್ಯ’ ಅಂತ ಬರೆದರೆ ಕೊನೆಯ ಅಕ್ಷರಕ್ಕೆ ಎರಡೆರಡು ಒತ್ತು. ಇಂಗ್ಲಿಷಿಗೆಂದು ಮಾಡಿದ ಟೆಂಪ್ಲೇಟಿನಲ್ಲಿ ಇದನ್ನು ಸುಮ್ನೆ ಸುರಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಗುಲುತ್ತದೆ.

ಆದರೂ ಫಾಂಟ್ ಆರಿಸುವಾಗ ನಾವು ಮಾಡುವುದೇನು? ಶೀರ್ಷಿಕೆಯನ್ನು ದೊಡ್ಡದಾಗಿ ಹಾಕಿ, ಚೆನ್ನಾಗಿ ಕಂಡರೆ ಅದೇ ಇರಲಿ ಅನ್ನುತ್ತೇವೆ. ಓದುಗರು ಮಾತ್ರ ಆ ಪುಟದಲ್ಲಿ ಬಹುಪಾಲು ಸಮಯ ಕಳೆಯುವುದು ಶೀರ್ಷಿಕೆಯಲ್ಲಲ್ಲ, ಸಣ್ಣ ಅಕ್ಷರದ ಮೈಬರಹದಲ್ಲಿ. ಅದಕ್ಕೇ ಈ ಹೋಲಿಕೆ ಮೈಬರಹದಿಂದ ಶುರುವಾಗುತ್ತದೆ. ಅಂದಚಂದದ ಮಾತು ಆಮೇಲೆ.

ಒಂದು ಷರತ್ತು. ನಿಮ್ಮ ಬರಹ ಯೂನಿಕೋಡ್‌ನಲ್ಲಿ, ಅಂದರೆ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಜಾಗತಿಕ ಪದ್ಧತಿಯಲ್ಲಿ ಇರಬೇಕು. ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಮೊದಲು ಪರಿವರ್ತಿಸಿಕೊಳ್ಳಿ. ಆ ಬರಹ ಕಣ್ಣಿಗೆ ಕನ್ನಡದಂತೆ ಕಂಡರೂ ಕಂಪ್ಯೂಟರಿನ ಪಾಲಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹುಡುಕಾಟದಲ್ಲಿ ಸಿಗುವುದಿಲ್ಲ, ಓದಿ ಹೇಳುವ ತಂತ್ರಾಂಶಕ್ಕೂ ತಿಳಿಯುವುದಿಲ್ಲ. ಶೀರ್ಷಿಕೆಯನ್ನು ಚಿತ್ರ ಮಾಡಿ ಅಂಟಿಸುವವರಿಗೂ ಇದೇ ಮಾತು.

ಪರೀಕ್ಷೆಗೆ ಒಂದು ಸಾಲು

ಫಾಂಟ್ ಮಾರುವವರು, ಹಂಚುವವರು ತೋರಿಸುವ ಮಾದರಿ ವಾಕ್ಯ ಯಾವಾಗಲೂ ಸುಲಭದ್ದಾಗಿರುತ್ತದೆ. ನೀವು ನಿಮ್ಮದೇ ಕಷ್ಟದ ಸಾಲು ಇಟ್ಟುಕೊಳ್ಳಿ. ನಾನು ಬಳಸುವ ಪದಗಳು ಇವು: ಸ್ವಾತಂತ್ರ್ಯ, ರಾಷ್ಟ್ರಕೂಟ, ಸ್ತ್ರೀ, ಅರ್ಘ್ಯ, ಜ್ಞಾನಪೀಠ, ಹೃದಯ, ಸೂರ್ಯ, ರ‍್ಯಾಂಕ್, ರಾಜ್‌ಕುಮಾರ್, ಫೇಸ್‌ಬುಕ್, ಢಕ್ಕೆ, ಝಳ, ಜ಼ೂ, ₹1,250.

ಇದರಲ್ಲಿ ಪ್ರತಿಯೊಂದಕ್ಕೂ ಕಾರಣ ಇದೆ. ‘ಸೂರ್ಯ’ದಲ್ಲಿ ಅರ್ಕಾವತ್ತು ಬರಬೇಕು, ‘ರ‍್ಯಾಂಕ್’ನಲ್ಲಿ ಬರಬಾರದು. ಎರಡನೆಯದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಇರುತ್ತದೆ. ಅದನ್ನು ಸರಿಯಾಗಿ ನಡೆಸದ ಫಾಂಟಿನಲ್ಲಿ ಎರಡೂ ಒಂದೇ ಥರ ಆಗಿಬಿಡುತ್ತವೆ. ‘ರಾಜ್‌ಕುಮಾರ್’ ಹೆಸರಿನ ನಡುವೆ ಇರುವುದು ಬಿಡಿಸುವ ಗುರುತು. ಅದು ತಪ್ಪಿದರೆ ‘ರಾಜ್ಕುಮಾರ್’ ಆಗುತ್ತದೆ. ಇದಕ್ಕೆ ಯಾವ ಅಭಿಮಾನಿಯೂ ಒಪ್ಪುವುದಿಲ್ಲ, ಅಲ್ವಾ? ‘ಢ’, ‘ಥ’, ‘ಧ’ಗಳನ್ನು ಅಕ್ಕಪಕ್ಕ ಇಟ್ಟು ಸಣ್ಣ ಗಾತ್ರದಲ್ಲಿ ನೋಡಿ. ಹೊಟ್ಟೆ ಸೀಳಿದ್ದು, ಹೊಟ್ಟೆಯಲ್ಲಿ ಚುಕ್ಕೆ ಇದ್ದದ್ದು ಬೇರೆ ಬೇರೆಯಾಗಿ ಕಾಣಬೇಕು.

ಈ ಸಾಲನ್ನು 14, 18 ಮತ್ತು 32 ಪಿಕ್ಸೆಲ್‌ಗಳಲ್ಲಿ, ಮೂರು ಸಾಲು ಆಗುವಷ್ಟು ಉದ್ದಕ್ಕೆ ಹಾಕಿ. ಮನೆಯಲ್ಲಿರುವ ಅತಿ ಹಳೆಯ ಫೋನಿನಲ್ಲಿ ತೆರೆಯಿರಿ. ಹೊಸ ಲ್ಯಾಪ್‌ಟಾಪಿನ ಪರದೆಯಲ್ಲಿ ಎಲ್ಲ ಫಾಂಟೂ ಚೆನ್ನಾಗೇ ಕಾಣುತ್ತದೆ.

ಫಾಂಟ್ ಹಾಕದೇ ಇರುವುದೂ ಒಂದು ಆಯ್ಕೆ

ಯಾವ ಫಾಂಟನ್ನೂ ಇಳಿಸದೆ ಓದುಗರ ಸಾಧನದಲ್ಲಿ ಇರುವುದನ್ನೇ ಬಳಸಬಹುದು. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೋ ಸಾನ್ಸ್ ಕನ್ನಡ ಇರುತ್ತದೆ. ಕೆಲವು ಫೋನ್ ಕಂಪನಿಗಳು ತಮ್ಮದೇ ಫಾಂಟ್ ಹಾಕುತ್ತವೆ. ವಿಂಡೋಸ್‌ನಲ್ಲಿ ಎಕ್ಸ್‌ಪಿ ಕಾಲದಿಂದ ‘ತುಂಗಾ’ ಇತ್ತು. 2012ರಲ್ಲಿ ವಿಂಡೋಸ್ 8ರ ಜೊತೆ ‘ನಿರ್ಮಲಾ ಯುಐ’ ಬಂತು. ವಿಂಡೋಸ್ 10ರಲ್ಲಿ ತುಂಗಾ ಬೇಕಿದ್ದರೆ ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಆಪಲ್ ಸಾಧನಗಳಲ್ಲಿ ‘ಕನ್ನಡ ಸಂಗಮ್ ಎಂಎನ್’ ಬಹುಕಾಲದಿಂದ ಇದೆ. ಆ ಎಂಎನ್ ಅಂದರೆ ಅದನ್ನು ಮಾಡಿದ ಮಲೇಷ್ಯಾದ ಮುತ್ತು ನೆಡುಮಾರನ್ ಅವರ ಹೆಸರಿನ ಮೊದಲಕ್ಷರಗಳು.

ಲಾಭ ಸ್ಪಷ್ಟ. ಪುಟ ತಕ್ಷಣ ತೆರೆಯುತ್ತದೆ, ಡೇಟಾ ಉಳಿಯುತ್ತದೆ. ಬಸ್ ವೇಳಾಪಟ್ಟಿ, ಸರ್ಕಾರಿ ಅರ್ಜಿ, ಮಾರುಕಟ್ಟೆ ದರ, ಮಳೆ ವರದಿ ಇಂಥವಕ್ಕೆ ನನ್ನ ಪ್ರಕಾರ ಇದೇ ಸರಿ. ಹಳ್ಳಿಯ ದುರ್ಬಲ ಸಿಗ್ನಲ್‌ನಲ್ಲಿ ಅಡಿಕೆ ರೇಟು ನೋಡುವವರಿಗೆ ನಿಮ್ಮ ಫಾಂಟಿನ ಸೊಬಗು ಬೇಡ, ಅಂಕಿ ಬೇಗ ಕಾಣಬೇಕು.

ನಷ್ಟ ಅಂದರೆ ಹಿಡಿತ ನಿಮ್ಮ ಕೈಲಿ ಇರುವುದಿಲ್ಲ. ಒಂದೇ ಗಾತ್ರ ಕೊಟ್ಟರೂ ತುಂಗಾ ಸಣ್ಣದಾಗಿ ಕಾಣುತ್ತದೆ, ನಿರ್ಮಲಾ ಇನ್ನೊಂದು ಅಳತೆಗೆ ಕಾಣುತ್ತದೆ. ಒಂದು ಕಡೆ ಎರಡು ಸಾಲಿಗೆ ಮುಗಿಯುವ ಶೀರ್ಷಿಕೆ ಇನ್ನೊಂದು ಕಡೆ ಮೂರು ಸಾಲಿಗೆ ಇಳಿಯುತ್ತದೆ. ಕತೆ, ಪ್ರಬಂಧದ ತಾಣಕ್ಕೆ ಇದು ಕಿರಿಕಿರಿ. ಮಾಹಿತಿ ಕೊಡುವ ತಾಣಕ್ಕೆ ದೊಡ್ಡ ತೊಂದರೆ ಅಲ್ಲ.

ನೋಟೋ ಸಾನ್ಸ್, ಅನೇಕ್

ನೋಟೋ ಸಾನ್ಸ್ ಕನ್ನಡ ಎಲ್ಲರ ಮೊದಲ ಆಯ್ಕೆ. 100ರಿಂದ 900ರವರೆಗೆ ತೂಕಗಳಿವೆ (ತೂಕ ಅಂದರೆ ಅಕ್ಷರದ ದಪ್ಪ), ಅಗಲವನ್ನೂ ಕುಗ್ಗಿಸಬಹುದು. ಒತ್ತು, ಅರ್ಕಾವತ್ತು, ವಟ್ರಸುಳಿ ಎಲ್ಲವೂ ಜಾಗದಲ್ಲಿ ಕೂರುತ್ತವೆ. ನಂಬಬಹುದಾದ ಫಾಂಟ್. ಆದರೆ ಹೆಚ್ಚಿನ ಆಂಡ್ರಾಯ್ಡ್ ಓದುಗರ ಫೋನಿನಲ್ಲಿ ಅದು ಆಗಲೇ ಇದೆ. ಮೈಬರಹಕ್ಕೆಂದು ಅದನ್ನೇ ಮತ್ತೆ ಇಳಿಸುವುದು ಮನೆಯ ಬಾವಿ ನೀರನ್ನೇ ಬಾಟಲಿಯಲ್ಲಿ ಕೊಂಡು ಕುಡಿದ ಹಾಗೆ. ಎಲ್ಲ ಸಾಧನಗಳಲ್ಲೂ ಒಂದೇ ನೋಟ ಬೇಕು ಅನ್ನುವ ಹಟ ಇದ್ದರೆ ಮಾತ್ರ ಇಳಿಸಿ. ಸಣ್ಣ ಅಕ್ಷರಕ್ಕೆ 100, 200ರ ತೆಳು ತೂಕ ಖಂಡಿತ ಬೇಡ. ತಲೆಕಟ್ಟು ಕೂದಲೆಳೆಯಷ್ಟಾಗಿ ಮಾಯವಾಗುತ್ತದೆ.

ಅನೇಕ್ ಕನ್ನಡ ಬಂದಿದ್ದು 2022ರಲ್ಲಿ. ಮುಂಬೈನ ಏಕ್ ಟೈಪ್ ಸಂಸ್ಥೆಯದು. ಒಂಬತ್ತು ಭಾರತೀಯ ಲಿಪಿಗಳು ಮತ್ತು ಇಂಗ್ಲಿಷ್ ಬರೆಯುವ ಲ್ಯಾಟಿನ್ ಸೇರಿ ಹತ್ತು ಲಿಪಿಗಳ ಕುಟುಂಬ ಅದು. ಇದರ ನಿಜವಾದ ಶಕ್ತಿ ಅಗಲದ ಹೊಂದಾಣಿಕೆಯಲ್ಲಿದೆ. ಶೇಕಡಾ 75ರಿಂದ 125ರವರೆಗೆ ಅಕ್ಷರವನ್ನು ಕುಗ್ಗಿಸಬಹುದು, ಹಿಗ್ಗಿಸಬಹುದು. ಕನ್ನಡಕ್ಕೆ ಇದು ಯಾಕೆ ಮುಖ್ಯ ಅಂದರೆ ನಮ್ಮ ಪದಗಳು ಉದ್ದ. ‘ವಿಶ್ವವಿದ್ಯಾಲಯಗಳಲ್ಲಿರುವ’ ಅನ್ನುವ ಒಂದು ಪದ 360 ಪಿಕ್ಸೆಲ್ ಅಗಲದ ಫೋನಿನಲ್ಲಿ ದೊಡ್ಡ ಶೀರ್ಷಿಕೆಯಾಗಿ ಹಿಡಿಸುವುದಿಲ್ಲ. ಗಾತ್ರ ಇಳಿಸಿದರೆ ಶೀರ್ಷಿಕೆಯ ಗತ್ತು ಹೋಗುತ್ತದೆ. ಪದ ಮುರಿದರೆ ಓದಲು ಆಗುವುದಿಲ್ಲ. ಫೋನಿಗೆ ಕುಗ್ಗಿದ ಅನೇಕ್, ಅಗಲ ಪರದೆಗೆ ಸಾಮಾನ್ಯ ಅನೇಕ್ ಕೊಟ್ಟರೆ ಗಾತ್ರ ಹಾಗೇ ಉಳಿಯುತ್ತದೆ. ಕುಗ್ಗಿಸುವುದು ನೋಟೋ ಸಾನ್ಸ್‌ನಲ್ಲೂ ಆಗುತ್ತದೆ. ಆದರೆ ಶೀರ್ಷಿಕೆಯಲ್ಲಿ ಅನೇಕ್‌ಗೆ ಇರುವ ಕಸುವು ಅದಕ್ಕಿಲ್ಲ ಅನ್ನುವುದು ನನ್ನ ಅನಿಸಿಕೆ. ಸುದ್ದಿ ತಾಣ, ಅಂಗಡಿ, ಆ್ಯಪ್ ಇವಕ್ಕೆ ನಾನು ಮೊದಲು ಕೈಹಾಕುವುದು ಅನೇಕ್‌ಗೇ.

ಪುಸ್ತಕದ ಹಾಗೆ ಓದಿಸಬೇಕಿದ್ದರೆ

ಕನ್ನಡ ಪುಸ್ತಕ ಓದಿ ಬೆಳೆದ ಕಣ್ಣಿಗೆ ದಪ್ಪ-ತೆಳು ಏರಿಳಿತ ಇರುವ ಅಕ್ಷರ ಹಿತ. ಒಂದೇ ದಪ್ಪದ ಗೆರೆಯ ಅಕ್ಷರ ಬೋರ್ಡ್ ಓದಲು ಸರಿ, ಮೂವತ್ತು ಪುಟದ ಕತೆಗೆ ಬೇಸರ ತರಿಸುತ್ತದೆ. ಇಲ್ಲಿ ಮೂರು ಆಯ್ಕೆ.

ನೋಟೋ ಸೆರಿಫ್ ಕನ್ನಡದಲ್ಲೂ 100ರಿಂದ 900ರ ತನಕ ತೂಕಗಳಿವೆ. ಹಾಗಾಗಿ ಶೀರ್ಷಿಕೆ, ಉಪಶೀರ್ಷಿಕೆ, ಮೈಬರಹ ಎಲ್ಲವನ್ನೂ ಒಂದೇ ಕುಟುಂಬದಲ್ಲಿ ಮುಗಿಸಬಹುದು. ಒಬ್ಬರೇ ಕೂತು ಸಾಹಿತ್ಯದ ತಾಣ ಕಟ್ಟುತ್ತಿದ್ದೀರಾ? ಜಾಸ್ತಿ ಯೋಚನೆ ಮಾಡದೆ ಇದನ್ನು ಹಾಕಿ.

ತಿರೋ ಕನ್ನಡ ಕೆನಡಾದ ತಿರೋ ಟೈಪ್‌ವರ್ಕ್ಸ್‌ನದು. ಸಾಹಿತ್ಯ ಕೃತಿಗಳ ಸಾಂಪ್ರದಾಯಿಕ ಮುದ್ರಣವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಇಲ್ಲಿರುವುದರಲ್ಲಿ ನನಗೆ ಅತಿ ಚಂದ ಕಾಣುವುದು ಇದೇ. ವಚನ, ಕಾವ್ಯ, ಹಳೆಯ ಗದ್ಯ ಇದರಲ್ಲಿ ಓದುವುದೇ ಒಂದು ಸುಖ. ಆದರೆ ಒಂದೇ ತೂಕ, ಜೊತೆಗೊಂದು ಇಟಾಲಿಕ್. ಬೋಲ್ಡ್ ಇಲ್ಲ. ಬೋಲ್ಡ್ ಇಲ್ಲದ ಫಾಂಟಿಗೆ ಬೋಲ್ಡ್ ಕೇಳಿದರೆ ಬ್ರೌಸರ್ ತಾನೇ ಅಕ್ಷರಕ್ಕೆ ಮಸಿ ಬಳಿದು ದಪ್ಪ ಮಾಡುತ್ತದೆ. ಆಗ ‘ಥ’ದ ಚುಕ್ಕೆ ಮುಚ್ಚುತ್ತದೆ, ‘ಧ’ದ ಸೀಳು ತುಂಬಿಕೊಳ್ಳುತ್ತದೆ, ‘ಭ’ ಹೋಗಿ ‘ಬ’ ಆಗುತ್ತದೆ. ಇದನ್ನು ತಡೆಯಲು ಪುಟದ ನೋಟ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಫಾಂಟ್-ಸಿಂಥೆಸಿಸ್ ಅನ್ನುವುದನ್ನು ‘none’ ಮಾಡಿ. ತೆಳು ಗೆರೆಗಳು ಅಗ್ಗದ ಪರದೆಯಲ್ಲಿ ಸವೆದಂತೆ ಕಾಣುವುದರಿಂದ ಗಾತ್ರವನ್ನೂ 19–20 ಪಿಕ್ಸೆಲ್‌ಗೆ ಏರಿಸಿ.

ಮೂರನೆಯದು ‘ಬೆಣ್ಣೆ’. ಇದಕ್ಕೂ ಒಂದೇ ತೂಕ. ತಿರೋ ಇರುವಾಗ ಇದನ್ನು ಆರಿಸಲು ನನಗೆ ಕಾರಣ ಕಂಡಿಲ್ಲ.

ಹಳಗನ್ನಡದ ಪಠ್ಯ ಹಾಕುವವರು ಪರೀಕ್ಷಾ ಸಾಲಿಗೆ ಇನ್ನಷ್ಟು ಸೇರಿಸಿಕೊಳ್ಳಬೇಕು. ‘ಱ’, ‘ೞ’ ಇರಲೇಬೇಕು. ನಕಾರ ಪೊಲ್ಲು (ಸ್ವರವಿಲ್ಲದ ‘ನ್’ಗೆ ಹಳೆಯ ಬರಹದಲ್ಲಿ ಇದ್ದ ಪ್ರತ್ಯೇಕ ರೂಪ) ಯೂನಿಕೋಡ್‌ಗೆ ಸೇರಿದ್ದೇ 2021ರಲ್ಲಿ, 14ನೇ ಆವೃತ್ತಿಯಲ್ಲಿ. ಅದಕ್ಕೂ ಮುಂಚಿನ ಫಾಂಟುಗಳಲ್ಲಿ ಅದರ ಜಾಗದಲ್ಲಿ ಖಾಲಿ ಚೌಕ ಕಾಣುತ್ತದೆ.

ಶೀರ್ಷಿಕೆಗೆ ಮಾತ್ರ

ಬಲೂ ತಮ್ಮ 2 ಕೂಡ ಏಕ್ ಟೈಪ್‌ನದೇ. ದುಂಡು ದುಂಡಾಗಿ, ಕೊಬ್ಬಿದ ಕರಡಿಮರಿ ಅಕ್ಷರ. ಕನ್ನಡಕ್ಕೆ ತಮ್ಮ, ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು, ಮಲಯಾಳಕ್ಕೆ ಚೇಟ್ಟನ್ ಅಂತ ಹೆಸರಿಟ್ಟಿದ್ದಾರೆ. ಮಕ್ಕಳ ಪತ್ರಿಕೆ, ತಿಂಡಿ ಅಂಗಡಿ, ಶಾಲೆಯ ವಾರ್ಷಿಕೋತ್ಸವ, ಎಲ್ಲಕ್ಕೂ ಹೊಂದುತ್ತದೆ. 400ರಿಂದ 800ರವರೆಗೆ ತೂಕಗಳಿವೆ. ಎಷ್ಟು ಹೊಂದುತ್ತದೆ ಅಂದರೆ ಈಗ ಎಲ್ಲಿ ನೋಡಿದರೂ ಅದೇ. ನಿಮ್ಮದು ಬೇರೆಯಾಗಿ ಕಾಣಬೇಕು ಅಂತಿದ್ದರೆ ಬೇರೆ ಹುಡುಕಿ. ಆಸ್ಪತ್ರೆ, ನ್ಯಾಯಾಲಯ, ಶ್ರದ್ಧಾಂಜಲಿ ಪುಟಕ್ಕೆ ದಯವಿಟ್ಟು ಬೇಡ.

ಅಕಾಯ ಕನಡಕ ಇನ್ನೊಂದು ಬಗೆ. ವೈಷ್ಣವಿ ಮೂರ್ತಿ ಯರ್ಕಾಡಿತ್ತಾಯ ಮತ್ತು ಹುವಾನ್ ಲೂಯಿಸ್ ಬ್ಲಾಂಕೋ ಸೇರಿ ಮಾಡಿದ್ದು. ತುಳು-ತಿಗಳಾರಿ ಲಿಪಿಯನ್ನು ಯೂನಿಕೋಡ್‌ಗೆ ಸೇರಿಸಲು ಶ್ರಮಿಸಿದವರೂ ಇದೇ ವೈಷ್ಣವಿ. ಆ ಲಿಪಿ 2024ರಲ್ಲಿ ಯೂನಿಕೋಡ್ ಸೇರಿತು. ಅಕಾಯದಲ್ಲಿ ಕೈಯಾಡಿಸಿದ ಗುಣ ಇದೆ, ಪ್ರಯೋಗದ ತುಂಟತನ ಇದೆ. ಒಂದೇ ತೂಕ. ನಾಟಕ ತಂಡ, ಸಂಗೀತೋತ್ಸವ, ಕರಕುಶಲ ಅಂಗಡಿಯ ಮುಖಪುಟಕ್ಕೆ ಒಂದು ಸಾಲು ಹಾಕಿ ನೋಡಿ. ಎರಡನೇ ಪ್ಯಾರಾಕ್ಕೆ ಹೋದರೆ ಕಣ್ಣು ಸೋಲುತ್ತದೆ.

ಎರಿನ್ ಮೆಕ್‌ಲಾಫ್ಲಿನ್ ಅವರ ‘ಹುಬ್ಬಳ್ಳಿ’ ಒಂದೇ ದಪ್ಪದ ಗೆರೆಯ, ಪೆನ್ನಿನಲ್ಲಿ ಬರೆದಂಥ ಸಲೀಸು ಅಕ್ಷರ. ಚಿತ್ರದ ಕೆಳಗಿನ ಟಿಪ್ಪಣಿ, ಅಡುಗೆ ವಿಧಾನ ಇಂಥ ಕಡೆ ಸೊಗಸು. ಇನ್ನೂ ಹೆಚ್ಚು ಕೈಬರಹದ ನೋಟ ಬೇಕಿದ್ದರೆ ಅರವಿಂದ ವಿ.ಕೆ. ಅವರ ಮುಕ್ತ ಫಾಂಟ್ ‘ನವಿಲು’ ಇದೆ.

ಇಂಗ್ಲಿಷ್ ಜೊತೆ ಬಾಳುವೆ

ನಮ್ಮ ತಾಣಗಳಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಬಂದೇ ಬರುತ್ತವೆ. ಸಿಎಸ್‌ಎಸ್‌ನಲ್ಲಿ ಫಾಂಟುಗಳ ಹೆಸರು ಯಾವ ಕ್ರಮದಲ್ಲಿ ಬರೆಯುತ್ತೀರೋ ಬ್ರೌಸರ್ ಅದೇ ಕ್ರಮದಲ್ಲಿ ಹುಡುಕುತ್ತದೆ. ಲ್ಯಾಟಿನ್ ಫಾಂಟ್ ಮೊದಲು ಬರೆದರೆ ಅಂಕಿ, ಅಲ್ಪವಿರಾಮ, ಉದ್ಧರಣ ಚಿಹ್ನೆ ಎಲ್ಲ ಅದರದ್ದೇ ಬರುತ್ತವೆ. ಕನ್ನಡದ ಪಕ್ಕ ಆ ಅಂಕಿ ಎತ್ತರವಾಗಿ ಕಂಡು ಸಾಲು ಕುಣಿಯುತ್ತದೆ. ಕನ್ನಡ ಫಾಂಟನ್ನೇ ಮೊದಲು ಬರೆಯಿರಿ. ಅನೇಕ್, ಬಲೂ, ತಿರೋ, ಹುಬ್ಬಳ್ಳಿ ಎಲ್ಲದರಲ್ಲೂ ಹೊಂದುವ ಲ್ಯಾಟಿನ್ ಅಕ್ಷರಗಳು ಒಳಗೇ ಇವೆ. ಇನ್ನೊಂದು ಫಾಂಟಿನ ಅಗತ್ಯವೇ ಬೀಳುವುದಿಲ್ಲ. ಪುಟದ ಭಾಷೆ ಕನ್ನಡ ಅಂತ ಎಚ್‌ಟಿಎಂಎಲ್‌ನಲ್ಲಿ ‘ಕೆಎನ್’ (kn) ಎಂದು ನಮೂದಿಸಲು ಮರೆಯಬೇಡಿ. ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅದನ್ನು ನೋಡಿಯೇ ದನಿ ಆರಿಸುತ್ತದೆ.

ಇಂಗ್ಲಿಷ್ ಟೆಂಪ್ಲೇಟಿನಿಂದ ತೆಗೆದು ಎಸೆಯಬೇಕಾದವು ಕೆಲವಿವೆ. ಅಕ್ಷರಗಳ ನಡುವೆ ಹೆಚ್ಚುವರಿ ಅಂತರ ಕೊಡುವ ಲೆಟರ್-ಸ್ಪೇಸಿಂಗ್ ಸೊನ್ನೆ ಮಾಡಿ. ಕನ್ನಡದ ಅಕ್ಷರ, ಕೊಂಬು, ದೀರ್ಘ ಸೇರಿ ಒಂದು ಘಟಕ. ಅಂತರ ಜಾಸ್ತಿಯಾದರೆ ಪದ ಚೆದುರಿದಂತೆ ಕಾಣುತ್ತದೆ. ದೊಡ್ಡಕ್ಷರ ಮಾಡುವ ಆಜ್ಞೆಗೆ ನಮ್ಮಲ್ಲಿ ಕೆಲಸವೇ ಇಲ್ಲ. ಒತ್ತಿ ಹೇಳಲು ವಾಲಿಸಿದ ಅಕ್ಷರ ಬಳಸುವುದೂ ನಮ್ಮ ರೂಢಿ ಅಲ್ಲ. ಎರಡೂ ಅಂಚು ಸಮ ಮಾಡುವ ಹೊಂದಿಕೆ ಫೋನಿನಲ್ಲಿ ಬೇಡವೇ ಬೇಡ. ಉದ್ದ ಪದಗಳ ನಡುವೆ ಹಳ್ಳಗಳೇ ಬೀಳುತ್ತವೆ.

ಕೆಳಗಿನ ಜಾಗ

ಯಾವ ಫಾಂಟ್ ಆರಿಸಿದರೂ ಈ ಭಾಗ ತಪ್ಪಿದರೆ ಆಯ್ಕೆಯೆಲ್ಲ ವ್ಯರ್ಥ. ಮೈಬರಹದ ಲೈನ್-ಹೈಟ್, ಅಂದರೆ ಸಾಲಿನ ಎತ್ತರ, ಅಕ್ಷರದ ಗಾತ್ರದ 1.7 ಅಥವಾ 1.8 ಪಟ್ಟು ಇರಲಿ. ಇಂಗ್ಲಿಷಿನ 1.5ರಲ್ಲಿ ಕನ್ನಡ ಉಸಿರುಗಟ್ಟುತ್ತದೆ. ಶೀರ್ಷಿಕೆಗೆ ಟೆಂಪ್ಲೇಟುಗಳು 1.1 ಕೊಟ್ಟಿರುತ್ತವೆ. ಅದನ್ನು 1.4ರ ಹತ್ತಿರಕ್ಕೆ ತನ್ನಿ. ಎರಡು ಒತ್ತಿನ ಪದ ಮೇಲೆ, ಗುಡಿಸಿನ ಪದ ಕೆಳಗೆ ಬರುವ ಶೀರ್ಷಿಕೆ ಹಾಕಿ ನೋಡಿದರೆ ಗೊತ್ತಾಗುತ್ತದೆ.

ಇನ್ನೂ ಕೆಟ್ಟದ್ದು ಕತ್ತರಿ ಬೀಳುವುದು. ಗುಂಡಿ, ಸುದ್ದಿಯ ಕಾರ್ಡ್, ಮೆನು ಇವುಗಳಿಗೆ ನಿಗದಿತ ಎತ್ತರ ಕೊಟ್ಟು, ಹೊರಗೆ ಹೋದದ್ದನ್ನು ಮುಚ್ಚು ಅಂತ ಹೇಳಿರುತ್ತಾರೆ. ಆಗ ‘ರಾಷ್ಟ್ರೀಯ’ದ ಒತ್ತು ಅರ್ಧಕ್ಕೆ ಮಾಯ. ಹುಡುಕಾಟದ ಪೆಟ್ಟಿಗೆಯಲ್ಲೂ ಇದೇ ಕತೆ. ಎತ್ತರ ನಿಗದಿ ಮಾಡಬೇಡಿ, ಮೇಲೆ ಕೆಳಗೆ ಪ್ಯಾಡಿಂಗ್ (ಒಳ ಅಂಚಿನ ಖಾಲಿ ಜಾಗ) ಕೊಡಿ.

ಬಣ್ಣದ ಬಗ್ಗೆ ಒಂದೇ ಮಾತು. ಜಾಗತಿಕ ಮಾನದಂಡದ ಪ್ರಕಾರ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕು. ಬಿಳಿಯ ಮೇಲೆ #767676 ಬೂದು ಈ ಗೆರೆಯನ್ನು ಅಂತೂ ಇಂತೂ ದಾಟುತ್ತದೆ. ಕನ್ನಡದ ಮೈಬರಹಕ್ಕೆ ಅದು ಸಾಲದು, ಇನ್ನೂ ಕಪ್ಪಾಗಿಸಿ.

ಗೂಗಲ್‌ನಿಂದಲೋ, ನಿಮ್ಮ ಸರ್ವರ್‌ನಿಂದಲೋ?

ಮೇಲೆ ಹೇಳಿದ ನೋಟೋ, ಅನೇಕ್, ಬಲೂ, ತಿರೋ, ಅಕಾಯ, ಹುಬ್ಬಳ್ಳಿ ಎಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತವೆ, ಮುಕ್ತ ಪರವಾನಗಿ ಇದೆ. ಅವರ ಕೊಂಡಿ ಹಾಕುವುದು ಸುಲಭ. ಕನ್ನಡ ಅಕ್ಷರ ಬೇರೆ, ಲ್ಯಾಟಿನ್ ಬೇರೆ ತುಂಡು ಮಾಡಿ ಬೇಕಾದ್ದನ್ನಷ್ಟೇ ಕಳಿಸುತ್ತಾರೆ. ಬೇರೆ ತಾಣದಲ್ಲಿ ಇಳಿದ ಫಾಂಟ್ ನಮ್ಮಲ್ಲೂ ಕೆಲಸಕ್ಕೆ ಬರುತ್ತದೆ ಅಂತ ಹಿಂದೆ ಹೇಳುತ್ತಿದ್ದರು. ಆ ಲಾಭ ಈಗಿಲ್ಲ. 2020ರ ಅಕ್ಟೋಬರ್‌ನಿಂದ ಕ್ರೋಮ್ ಪ್ರತಿ ತಾಣದ ಸಂಗ್ರಹವನ್ನು ಬೇರೆ ಬೇರೆ ಇಡುತ್ತದೆ.

ಯುರೋಪಿನಲ್ಲಿರುವ ಕನ್ನಡ ಸಂಘಗಳಿಗೆ ಇನ್ನೊಂದು ವಿಷಯ. 2022ರ ಜನವರಿಯಲ್ಲಿ ಮ್ಯೂನಿಕ್ ನ್ಯಾಯಾಲಯವೊಂದು ಗೂಗಲ್ ಸರ್ವರ್‌ನಿಂದ ಫಾಂಟ್ ತಂದ ತಾಣವೊಂದಕ್ಕೆ 100 ಯೂರೋ ಪರಿಹಾರ ಕೊಡಲು ಹೇಳಿತು. ಒಪ್ಪಿಗೆ ಇಲ್ಲದೆ ಓದುಗರ ಐಪಿ ವಿಳಾಸ ಗೂಗಲ್‌ಗೆ ಹೋಯಿತು ಅನ್ನುವುದು ಕಾರಣ. ಜರ್ಮನಿಯಲ್ಲಿ ಯುಗಾದಿ ಕಾರ್ಯಕ್ರಮದ ಪುಟ ಮಾಡುವವರು ಫಾಂಟನ್ನು ತಮ್ಮ ಸರ್ವರ್‌ನಲ್ಲೇ ಇಟ್ಟುಕೊಳ್ಳುವುದು ಕ್ಷೇಮ.

ಹಾಗೆ ಇಟ್ಟುಕೊಳ್ಳುವಾಗ ಕಡತ ಸಣ್ಣದಾಗಲಿ ಅಂತ ಬೇಡದ ಅಕ್ಷರ ಕತ್ತರಿಸುತ್ತಾರೆ. ಇಲ್ಲಿ ಎಚ್ಚರ ಬೇಕು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಬ್ಲಾಕಿನ ಸಂಕೇತಗಳನ್ನಷ್ಟೇ ಉಳಿಸಿದರೆ ಜೋಡಕ, ಬಿಡಕದ ಗುರುತುಗಳು ಹೋಗುತ್ತವೆ. ₹ ಹೋಗುತ್ತದೆ. ವಚನದ ಕೊನೆಯ ‘॥’ ಹೋಗುತ್ತದೆ, ಯಾಕೆಂದರೆ ಆ ದಂಡ ಇರುವುದು ದೇವನಾಗರಿ ಬ್ಲಾಕಿನಲ್ಲಿ. ಅಕ್ಷರ ಜೋಡಣೆಯ ನಿಯಮಗಳನ್ನೂ ಉಪಕರಣ ಕಿತ್ತುಹಾಕಿದರೆ ‘ವಿದ್ಯೆ’ ‘ವಿದ್‌ಯೆ’ ಆಗಿ ನಿಲ್ಲುತ್ತದೆ. ಕತ್ತರಿಸಿದ ಮೇಲೆ ಪರೀಕ್ಷಾ ಸಾಲನ್ನು ಇನ್ನೊಮ್ಮೆ ಓಡಿಸಿ. ಕಡತ ವೆಬ್‌ಗೆಂದೇ ಕುಗ್ಗಿಸಿದ ವಾಫ್2 (WOFF2) ರೂಪದಲ್ಲಿರಲಿ.

ಫಾಂಟ್ ಬರುವ ತನಕ ಸಾಧನದ ಫಾಂಟ್ ತೋರಿಸಲು ಫಾಂಟ್-ಡಿಸ್‌ಪ್ಲೇ ‘ಸ್ವಾಪ್’ ಮಾಡಬಹುದು. ಆದರೆ ಬದಲಾಗುವ ಕ್ಷಣಕ್ಕೆ ಸಾಲು ಜಿಗಿದು, ಓದುತ್ತಿದ್ದವರ ಜಾಗ ತಪ್ಪುತ್ತದೆ. ಮೈಬರಹಕ್ಕೆ ‘ಆಪ್ಷನಲ್’ ಮೇಲು. ಫಾಂಟ್ ತಡವಾದರೆ ಆ ಸಲಕ್ಕೆ ಸಾಧನದ್ದೇ ಇರಲಿ.

ಯಾರಿಗೆ ಯಾವುದು

ಸುದ್ದಿ ಅಥವಾ ಮಾರಾಟದ ತಾಣ: ಶೀರ್ಷಿಕೆಗೆ ಅನೇಕ್ 700, ಮೈಬರಹಕ್ಕೆ ಸಾಧನದ ಫಾಂಟ್. ಕತೆ, ಪ್ರಬಂಧ: ಎಲ್ಲಕ್ಕೂ ನೋಟೋ ಸೆರಿಫ್ 400 ಮತ್ತು 700. ಕಾವ್ಯಕ್ಕೆ ತಿರೋ, ಶೀರ್ಷಿಕೆಯೂ ತಿರೋ, ದಪ್ಪದ ಬದಲು ಗಾತ್ರ ಮತ್ತು ಬಣ್ಣದಿಂದ ಬೇರೆ ಮಾಡಿ. ಮಕ್ಕಳಿಗೆ ಬಲೂ ತಮ್ಮ ಶೀರ್ಷಿಕೆ, ಕೆಳಗೆ ನೋಟೋ ಸಾನ್ಸ್ 20 ಪಿಕ್ಸೆಲ್. ಈಗಷ್ಟೇ ಓದು ಕಲಿಯುತ್ತಿರುವ ಮಕ್ಕಳಿಗೆ ಒತ್ತು ಬಿಡಿಬಿಡಿಯಾಗಿ ಕಾಣಬೇಕು. ಸಾಲಿನ ಅಂತರ 2ಕ್ಕೆ ಹೋದರೂ ಪರವಾಗಿಲ್ಲ. ಸರ್ಕಾರಿ ಸೇವೆ, ಬೆಲೆ, ವೇಳಾಪಟ್ಟಿ: ಏನೂ ಇಳಿಸಬೇಡಿ.

ಒಂದು ತಾಣಕ್ಕೆ ಎರಡು ಫಾಂಟ್ ಸಾಕು. ಮೂರನೆಯದು ಬೇಕು ಅನ್ನಿಸಿದರೆ ಸಾಮಾನ್ಯವಾಗಿ ಕೊರತೆ ಇರುವುದು ಅಂತರ, ಗಾತ್ರದಲ್ಲಿ. ಮೊದಲು ಅದನ್ನು ತಿದ್ದಿ ನೋಡಿ.